ಕನ್ನಡಿಯ ಮೇಲಿನ ಮೀನು: ಒಂದು ವಿದ್ಯಾರ್ಥಿ ಚಿತ್ರ ಮೂಕಿ ಸಿನಿಮಾದಿಂದ ಪಡೆದದ್ದೇನು?

ಪೋಲೆಂಡಿನ ಲೋಡ್ಜ್ ಚಲನಚಿತ್ರ ಶಾಲೆಯ ವಿದ್ಯಾರ್ಥಿಯಾಗಿದ್ದಾಗ ರೋಮನ್ ಪೊಲಾನ್ಸ್ಕಿ 1958ರಲ್ಲಿ ತಯಾರಿಸಿದ ‘ಇಬ್ಬರು ಗಂಡಸರು ಮತ್ತು ಒಂದು ಬೀರು’ ಸುಮಾರು 15 ನಿಮಿಷದ ಕಪ್ಪು-ಬಿಳುಪು ಚಿತ್ರ. ಕನ್ನಡಿ ಬಾಗಿಲಿನ ಮರದ ಬೀರುವೊಂದನ್ನು ಹೊತ್ತು ಇಬ್ಬರು ಸಮುದ್ರದಿಂದ ಎದ್ದು ಬರುತ್ತಾರೆ. ಊರೊಳಗೆ ಅಲೆಯುತ್ತಾರೆ. ಟ್ರಾಮು ಹತ್ತಲು ಬಿಡುವುದಿಲ್ಲ, ಹೋಟೆಲಿನಲ್ಲಿ ಜಾಗವಿಲ್ಲ. ಕೊನೆಗೆ ಬಂದ ದಾರಿಯಲ್ಲೇ ನೀರಿಗಿಳಿಯುತ್ತಾರೆ. ಸಂಭಾಷಣೆ ಇಲ್ಲವೇ ಇಲ್ಲ.

ಚಿತ್ರಕ್ಕೆ ಮೂಕಿ ಸಿನಿಮಾದ ಋಣವಿದೆ ಎನ್ನಲು ಸಾಮಾನ್ಯವಾಗಿ ಈ ಮೌನವನ್ನೇ ಆಧಾರವಾಗಿ ಕೊಡುತ್ತಾರೆ. ಅದೊಂದೇ ಸಾಲದು. 1987ರ ‘ಪುಷ್ಪಕ ವಿಮಾನ’ದಲ್ಲೂ ಮಾತಿಲ್ಲ, ಆದರೆ ಅದರ ನಾಯಕನಿಗೆ ಸಿನಿಮಾ ಥಿಯೇಟರಿನ ಗದ್ದಲ ಕಿವಿಗೆ ಬೀಳದೆ ನಿದ್ದೆ ಹತ್ತುವುದಿಲ್ಲ. ಆ ಹಾಸ್ಯ ನಿಂತಿರುವುದೇ ಸದ್ದಿನ ಮೇಲೆ. ಪೊಲಾನ್ಸ್ಕಿಯ ಚಿತ್ರ ಮೂಕಿ ಯುಗದಿಂದ ಪಡೆದದ್ದು ಬೇರೆಯೇ: ಮಾತು ಮಾಡಬೇಕಾದ ಕೆಲಸವನ್ನು ಒಂದು ವಸ್ತುವಿನಿಂದ ಮಾಡಿಸುವ ಕಸುಬು. ಇಲ್ಲಿ ಆ ವಸ್ತು ಬೀರುವಿನ ಕನ್ನಡಿ.

ಇದಕ್ಕೆ ಎರಡು ದೃಶ್ಯಗಳನ್ನು ನೋಡಬಹುದು. ಮೊದಲನೆಯದು ಊಟದ್ದು. ಪರದೆಯ ಮೇಲೆ ಮೀನೊಂದು ಮೋಡಗಳ ನಡುವೆ, ಆಕಾಶದಲ್ಲಿ ತೇಲುತ್ತಿರುವಂತೆ ಕಾಣುತ್ತದೆ. ಬೀರುವನ್ನು ಅಂಗಾತ ಮಲಗಿಸಿ, ಆಕಾಶಕ್ಕೆ ಮುಖ ಮಾಡಿದ ಕನ್ನಡಿಯ ಮೇಲೆ ಆ ಇಬ್ಬರು ಮೀನಿಟ್ಟುಕೊಂಡಿದ್ದಾರೆ, ಅಷ್ಟೆ. ಪ್ರಯೋಗಾಲಯದ ಕೈಚಳಕವಾಗಲಿ, ಒಂದರ ಮೇಲೊಂದು ಚಿತ್ರ ಬೆರೆಸುವ ತಂತ್ರವಾಗಲಿ ಇದಕ್ಕೆ ಬೇಕಿಲ್ಲ. ಕ್ಯಾಮೆರಾ ಎಲ್ಲಿ ನಿಂತಿದೆ ಎಂಬುದೇ ಎಲ್ಲ. ಮೂಕಿ ಕಾಲದ ಹಾಸ್ಯಗಾರರು ಇಂಥ ಕಣ್ಕಟ್ಟನ್ನು ಚೆನ್ನಾಗಿ ಬಲ್ಲವರು: ಮೊದಲು ತಪ್ಪಾಗಿ ಕಾಣಿಸಬೇಕು, ಆಮೇಲೆ ಸರಿಯಾಗಿ ತೋರಿಸಬೇಕು. ಅಲ್ಲಿ ಅದು ನಗು ತರಿಸುತ್ತಿತ್ತು. ಇಲ್ಲಿ ನಗುವಿನ ಜಾಗದಲ್ಲಿ ಕನಸು ಬಂದು ಕೂತಿದೆ. ನನ್ನ ಮಟ್ಟಿಗೆ ಇಡೀ ಚಿತ್ರದ ಅತ್ಯುತ್ತಮ ಚೌಕಟ್ಟು ಇದು.

ಎರಡನೆಯ ದೃಶ್ಯದಲ್ಲಿ ಅದೇ ಕನ್ನಡಿ ಕಥೆಯನ್ನು ಮುಂದಕ್ಕೆ ತಳ್ಳುತ್ತದೆ. ಪುಂಡರ ಗುಂಪೊಂದು ಹುಡುಗಿಯೊಬ್ಬಳ ಬೆನ್ನ ಹಿಂದೆ ಸದ್ದಿಲ್ಲದೆ ಬರುತ್ತದೆ. ಕನ್ನಡಿಯಲ್ಲಿ ಅವರ ಬಿಂಬ ಕಂಡು ಅವಳು ಪಾರಾಗುತ್ತಾಳೆ. ಬೇಟೆ ತಪ್ಪಿದ ಸಿಟ್ಟನ್ನು ಪುಂಡರು ಬೀರು ಹೊತ್ತವರ ಮೇಲೆ ತೀರಿಸಿಕೊಳ್ಳುತ್ತಾರೆ, ಕನ್ನಡಿ ಒಡೆಯುತ್ತದೆ. ಎಚ್ಚರಿಕೆ, ಸೇಡು, ನಷ್ಟ ಮೂರೂ ಒಂದು ಗಾಜಿನ ಹಲಗೆಯಲ್ಲಿ ಮುಗಿದವು. (ಪುಂಡರಲ್ಲೊಬ್ಬನ ಪಾತ್ರ ಸ್ವತಃ ಪೊಲಾನ್ಸ್ಕಿಯದು. ಬೀರು ಹೊತ್ತವರು ಯಾಕುಬ್ ಗೋಲ್ಡ್‌ಬರ್ಗ್ ಮತ್ತು ಹೆನ್ರಿಕ್ ಕ್ಲುಬಾ.)

ಬೀರುವನ್ನು ಸಮಾಜ ಒಲ್ಲದವರ ಹೊರೆಯ ಸಂಕೇತವಾಗಿ ಓದುವುದು ವಾಡಿಕೆ. ಆ ಓದು ತಪ್ಪಲ್ಲ, ಆದರೆ ಬಲುಬೇಗ ತೃಪ್ತವಾಗಿಬಿಡುತ್ತದೆ. ಬೀರು ಬರೀ ಸಂಕೇತವಾಗಿದ್ದರೆ ಅದಕ್ಕೆ ಕನ್ನಡಿ ಯಾಕೆ ಬೇಕಿತ್ತು? ಪೆಟ್ಟಿಗೆಯೋ ಮಂಚವೋ ಸಾಕಾಗುತ್ತಿತ್ತು.

ಸಂಗೀತದ ವಿಷಯಕ್ಕೆ ಬಂದರೆ, ಮೂಕಿ ಚಿತ್ರದ ಪಕ್ಕದಲ್ಲಿ ಪಿಯಾನೊ ನುಡಿಸುವವನ ಸ್ಥಾನವನ್ನು ಇಲ್ಲಿ ಕ್ಷಿಶ್ಟೊಫ್ ಕೊಮೆಡಾ ತುಂಬಿದ್ದಾರೆ. ವೃತ್ತಿಯಿಂದ ಅವರು ಕಿವಿ-ಮೂಗು-ಗಂಟಲು ವೈದ್ಯರು. ಜಾಝ್ ನುಡಿಸಲು ಕೊಮೆಡಾ ಎಂಬ ಹೆಸರಿಟ್ಟುಕೊಂಡವರು. ಸ್ಟಾಲಿನ್ ಕಾಲದ ಪೋಲೆಂಡಿನಲ್ಲಿ ಜಾಝ್‌ಗೆ ಅಧಿಕಾರಸ್ಥರ ಒಪ್ಪಿಗೆ ಇರಲಿಲ್ಲ. 1956ರಲ್ಲಿ ಬಾಲ್ಟಿಕ್ ತೀರದ ಸೊಪೊಟ್‌ನಲ್ಲಿ ಜಾಝ್ ಉತ್ಸವ ನಡೆದಾಗ ಕೊಮೆಡಾ ತಂಡ ಅಲ್ಲಿ ನುಡಿಸಿತು. ಈ ಚಿತ್ರದ ಚಿತ್ರೀಕರಣ ನಡೆದದ್ದೂ ಅದೇ ತೀರದಲ್ಲಿ. ಪೊಲಾನ್ಸ್ಕಿ ಜೊತೆಗಿನ ಅವರ ಕೆಲಸ ಇಲ್ಲಿಂದ ಶುರುವಾಗಿ 1968ರ ‘ರೋಸ್‌ಮರೀಸ್ ಬೇಬಿ’ವರೆಗೂ ನಡೆಯಿತು.

1958ರಲ್ಲಿ ಬ್ರಸೆಲ್ಸ್ ವಿಶ್ವಮೇಳದ ಪ್ರಯೋಗಾತ್ಮಕ ಚಿತ್ರಗಳ ಸ್ಪರ್ಧೆಯಲ್ಲಿ ಇದಕ್ಕೆ ಕಂಚಿನ ಪದಕ ಬಂತು. ಅಲ್ಲಿ ಮೊದಲ ಬಹುಮಾನ ಪಡೆದದ್ದೂ ಪೋಲೆಂಡಿನದೇ ಚಿತ್ರ: ವಾಲೆರಿಯನ್ ಬೊರೊವ್‌ಚಿಕ್ ಮತ್ತು ಯಾನ್ ಲೆನಿತ್ಸಾ ಅವರ ‘ಮನೆ’. ಎರಡನ್ನೂ ಜೊತೆಗಿಟ್ಟು ನೋಡುವುದು ಲಾಭದಾಯಕ. ಬೊರೊವ್‌ಚಿಕ್ ಮತ್ತು ಲೆನಿತ್ಸಾ ಅನಿಮೇಷನ್, ಕೊಲಾಜ್‌ಗಳ ಮೂಲಕ ಕನಸನ್ನು ಕಟ್ಟುತ್ತಾರೆ. ಪೊಲಾನ್ಸ್ಕಿ ನಿಜವಾದ ಬೀದಿಯಲ್ಲಿ, ಹಗಲು ಬೆಳಕಿನಲ್ಲಿ ಒಂದು ಪೀಠೋಪಕರಣ ನಡೆಸಿಕೊಂಡು ಹೋಗಿ ಅದನ್ನು ಪಡೆಯುತ್ತಾರೆ. ಮರುವರ್ಷದ ಅವರ ಡಿಪ್ಲೊಮಾ ಚಿತ್ರ ‘ದೇವದೂತರು ಬೀಳುವಾಗ’ದಲ್ಲಿ ಈ ಮಿತವ್ಯಯ ಕಾಣುವುದಿಲ್ಲ. 1962ರ ‘ಸಸ್ತನಿಗಳು’ ಚಿತ್ರದಲ್ಲಿ ಅದು ಮರಳಿದೆ: ಹಿಮದ ಬಯಲು, ಇಬ್ಬರು ಮನುಷ್ಯರು, ಒಂದು ಜಾರುಬಂಡಿ. ಮೂಕಿ ಪರಂಪರೆಯ ಎಳೆಯನ್ನು ಹಿಡಿಯಬೇಕೆಂದರೆ ಬೀರುವಿನಿಂದ ನೇರ ಈ ಜಾರುಬಂಡಿಗೆ ಹೋಗಬೇಕು. ನಡುವಿನ ಡಿಪ್ಲೊಮಾ ಚಿತ್ರ ಬೇರೆ ದಾರಿಯದು.