ಪ್ರಜಾಗರವೂ ಪ್ರಾತಃಕಾಲದ ಶಿರಃಶೂಲೆಯೂ: ಜೈನ ವೈದ್ಯ ಪರಂಪರೆಯ ಒಂದು ವಿಚಾರ

ಕವಿರಾಜಮಾರ್ಗವು ತಿರುಳ್ಗನ್ನಡದ ನಾಡನ್ನು ಗುರುತಿಸುವಾಗ ಕಿಸುವೊಳಲು, ಪುಲಿಗೆರೆ, ಒಂಕುಂದಗಳ ಜೊತೆಗೆ ಕೊಪಣನಗರವನ್ನೂ ಹೆಸರಿಸುತ್ತದೆಂಬುದು ಸರ್ವವಿದಿತ. ಆ ಕೃತಿ ಹುಟ್ಟಿದ್ದು ರಾಷ್ಟ್ರಕೂಟ ನೃಪತುಂಗನ ಆಸ್ಥಾನದಲ್ಲಿ. ಅದೇ ಆಸ್ಥಾನದಲ್ಲಿ, ಮಾಂಸಭಕ್ಷಣವು ವೈದ್ಯದೃಷ್ಟಿಯಿಂದಲೂ ನಿಷ್ಫಲವೆಂದು ಉಗ್ರಾದಿತ್ಯಾಚಾರ್ಯನು ಪ್ರತಿಪಾದಿಸಿದ ವಿಷಯ ಅವನ ಕಲ್ಯಾಣಕಾರಕದ ಕೊನೆಯ ಹಿತಾಹಿತಾಧ್ಯಾಯದಿಂದ ತಿಳಿದುಬರುತ್ತದೆ. ಇಂದಿನ ಗಂಗಾವತಿ, ಕುಷ್ಟಗಿ, ಯಲಬುರ್ಗಾಗಳನ್ನೂ ಮರಳಿಯಂಥ ಗ್ರಾಮಗಳನ್ನೂ ಒಳಗೊಂಡ ಕೊಪ್ಪಳದ ಸೀಮೆಯನ್ನು ಶಾಸನ ಮತ್ತು ನಿಸಿದಿಗಳ ದೃಷ್ಟಿಯಿಂದ ವಿದ್ವಾಂಸರು ಸಾಕಷ್ಟು ಪರಿಶೀಲಿಸಿದ್ದಾರೆ. ಪಲ್ಕಿಗುಂಡಿನಲ್ಲಿ ಚಾವಯ್ಯನು ಮಾಡಿಸಿದ ಜಟಾಸಿಂಗನಂದ್ಯಾಚಾರ್ಯರ ಪಾದಗಳು ಪ್ರಸಿದ್ಧವಾಗಿವೆ. ಆ ಆಚಾರ್ಯರ ವರಾಂಗಚರಿತವನ್ನು ಆ. ನೇ. ಉಪಾಧ್ಯೆಯವರು 1938ರಲ್ಲಿ ಸಂಪಾದಿಸಿ ಪ್ರಕಟಿಸಿದರು. ಆದರೆ ಕೊಪಣದಂಥ ತೀರ್ಥದಲ್ಲಿ ನೆಲದ ಮೇಲೆ ಮಲಗಿ, ಒಂದು ಹೊತ್ತು ಉಂಡು, ಶಾಸ್ತ್ರಪಾಠದಲ್ಲಿ ಬಾಳು ಸವೆಸಿದವರ ದೇಹಕ್ಕೆ ಏನಾಗುತ್ತಿತ್ತು, ಅದಕ್ಕೆ ಪರಂಪರೆ ಏನು ಹೇಳಿತು ಎಂಬ ಪ್ರಶ್ನೆ ಹಿಂದೆಯೇ ಉಳಿದಿದೆ. ನಿದ್ರೆಗೆಡುವುದು ಮತ್ತು ಬೆಳಗಿನ ತಲೆಶೂಲೆ ಇವೆರಡನ್ನು ಮಾತ್ರ ಇಲ್ಲಿ ತೆಗೆದುಕೊಂಡಿದೆ.

ಜೈನ ವೈದ್ಯವು ತನ್ನ ಮೂಲವನ್ನು ದ್ವಾದಶಾಂಗದ ಪ್ರಾಣಾವಾಯ ಪೂರ್ವದಲ್ಲಿ ಕಾಣುತ್ತದೆ. ಉಗ್ರಾದಿತ್ಯನು ತನಗೆ ಹಿಂದಿನ ವೈದ್ಯಾಚಾರ್ಯರನ್ನು ಅಂಗವಿಭಾಗಕ್ಕನುಸಾರವಾಗಿ ಸ್ಮರಿಸುತ್ತಾನೆ: ಶಲ್ಯತಂತ್ರಕ್ಕೆ ಪಾತ್ರಸ್ವಾಮಿ, ವಿಷ ಮತ್ತು ಗ್ರಹಶಮನಕ್ಕೆ ಸಿದ್ಧಸೇನ, ಕಾಯಚಿಕಿತ್ಸೆಗೆ ದಶರಥಗುರು, ಶಿಶುವೈದ್ಯಕ್ಕೆ ಮೇಘನಾದ, ಶಾಲಾಕ್ಯಕ್ಕೆ ಪೂಜ್ಯಪಾದ. ಕಣ್ಣು, ಕಿವಿ, ಮೂಗು, ಶಿರಸ್ಸುಗಳ ರೋಗಗಳು ಶಾಲಾಕ್ಯಕ್ಕೆ ಸೇರಿದವಾದ್ದರಿಂದ ತಲೆಶೂಲೆಯ ಚಿಕಿತ್ಸೆಯು ಈ ಪರಂಪರೆಯಲ್ಲಿ ಪೂಜ್ಯಪಾದರ ಹೆಸರಿಗೇ ಸಲ್ಲುತ್ತದೆ. ಆ ಗ್ರಂಥ ಇಂದು ಉಳಿದಿಲ್ಲ. ಸರ್ವಾರ್ಥಸಿದ್ಧಿಯ ಕರ್ತೃವೂ ವೈದ್ಯ ಪೂಜ್ಯಪಾದನೂ ಒಬ್ಬರೇ ಎಂದು ಸಂಪ್ರದಾಯವು ನಂಬುತ್ತದೆ. ಗ್ರಂಥವೇ ಕೈಗೆ ಸಿಗದಿರುವಾಗ ಅದನ್ನು ಸಂಪ್ರದಾಯವೆಂದೇ ಇಟ್ಟುಕೊಳ್ಳುವುದು ಲೇಸು.

ಸರ್ವಾರ್ಥಸಿದ್ಧಿಯಲ್ಲಿ ನಿದ್ರೆಯ ಲಕ್ಷಣವನ್ನು ಮದ, ಖೇದ, ಕ್ಲಮಗಳನ್ನು ನೀಗಲು ಬರುವ ಸ್ವಾಪವೆಂದು ಹೇಳಿದೆ. ದರ್ಶನಾವರಣೀಯದ ಒಂಬತ್ತು ಪ್ರಕೃತಿಗಳಲ್ಲಿ ಐದು ನಿದ್ರೆಯವೇ: ನಿದ್ರೆ, ನಿದ್ರಾನಿದ್ರೆ, ಪ್ರಚಲೆ, ಪ್ರಚಲಾಪ್ರಚಲೆ, ಸ್ತ್ಯಾನಗೃದ್ಧಿ. ಧವಲಾ ಟೀಕೆ ಮತ್ತು ಗೊಮ್ಮಟಸಾರದ ಕರ್ಮಕಾಂಡಗಳು ಇವುಗಳ ಉದಯವನ್ನು ವಿವರಿಸುವಾಗ ಕಣ್ಣಿಗೆ ಕಟ್ಟುವ ವಿವರಗಳು ಬರುತ್ತವೆ. ಮರದ ತುದಿಯಲ್ಲಾಗಲಿ ಹಳ್ಳತಿಟ್ಟಿನ ನೆಲದಲ್ಲಾಗಲಿ ಗೊರಕೆ ಹೊಡೆಯುತ್ತಲೋ ಹೊಡೆಯದೆಯೋ ಒರಗಿಬಿಡುವವನು, ಬಾಯಿಂದ ಜೊಲ್ಲು ಸುರಿದು ಅವಯವಗಳು ಅಲುಗುವವನು, ಎಬ್ಬಿಸಿ ನಿಲ್ಲಿಸಿದರೂ ನಿದ್ರಿಸುತ್ತಲೇ ಕೆಲಸ ಮಾಡಿ ಮಾತಾಡುವವನು. ಇಂದಿನ ನಿದ್ರಾರೋಗಶಾಸ್ತ್ರದ ವರ್ಣನೆಗಳನ್ನು ಇವುಗಳೊಡನೆ ಹೋಲಿಸುವ ಆಸೆ ಯಾರಿಗಾದರೂ ಹುಟ್ಟೀತು. ಆದರೆ ಇವು ಕರ್ಮೋದಯದ ತಾರತಮ್ಯಗಳೇ ಹೊರತು ವ್ಯಾಧಿಗಳ ಪಟ್ಟಿಯಲ್ಲ. ಪ್ರಾಚೀನರು ಮಲಗಿದವನನ್ನು ಎಷ್ಟು ಸೂಕ್ಷ್ಮವಾಗಿ ನೋಡಿದ್ದರೆಂಬುದಕ್ಕೆ ಮಾತ್ರ ಇವು ಸಾಕ್ಷಿ.

ಮುನಿಗಳ ವಿಷಯ ಬೇರೆ. ಕ್ಷಿತಿಶಯನ, ಏಕಭುಕ್ತಗಳು ಇಪ್ಪತ್ತೆಂಟು ಮೂಲಗುಣಗಳಲ್ಲಿ ಸೇರಿವೆ. ಶಯ್ಯಾಪರೀಷಹದ ವಿವರಣೆಯಲ್ಲಿ ಪೂಜ್ಯಪಾದರು, ಸ್ವಾಧ್ಯಾಯ, ಧ್ಯಾನ, ಮಾರ್ಗಶ್ರಮಗಳಿಂದ ಬಳಲಿದ ಮುನಿಯು ಕಲ್ಲುಹರಳಿನ ಒರಟು ನೆಲದಲ್ಲಿ ಒಂದೇ ಮಗ್ಗುಲಲ್ಲಿ ಒಂದು ಮುಹೂರ್ತ, ಎಂದರೆ 48 ನಿಮಿಷ, ನಿದ್ರಿಸುವುದನ್ನು ಚಿತ್ರಿಸುತ್ತಾರೆ. ರೋಗವೂ ಒಂದು ಪರೀಷಹವೇ. ಅಲ್ಲಿ ನೋವು ಸಹಿಸತಕ್ಕದ್ದು. ಶ್ರಾವಕನಿಗೂ ಪಂಡಿತನಿಗೂ ಆ ಅಳತೆಯನ್ನು ಹಚ್ಚುವುದು ಸರಿಯಲ್ಲ. ವೈದ್ಯಗ್ರಂಥಗಳು ಹುಟ್ಟಿದ್ದೇ ಅದಕ್ಕಾಗಿ.

ಕಾರಣಗಳನ್ನು ಅರಿಯಲು ಚರಕಸಂಹಿತೆಯ ಸೂತ್ರಸ್ಥಾನವನ್ನು ನೋಡಬೇಕು. ನಿದ್ರಾವೇಗವನ್ನು ತಡೆದರೆ ಆಕಳಿಕೆ, ಮೈಮುರಿತ, ತಂದ್ರೆ, ಶಿರೋರೋಗ, ಕಣ್ಣುಭಾರಗಳು ಉಂಟಾಗುತ್ತವೆಂದು ಒಂದೆಡೆ ಹೇಳಿದೆ. ಅಕಾಲದ ಹಗಲುನಿದ್ರೆಯ ದೋಷಗಳಲ್ಲಿಯೂ ಶಿರಃಶೂಲೆ ಎಣಿಕೆಯಾಗಿದೆ. ವಾತಜ ಶಿರೋರೋಗದ ನಿದಾನವಂತೂ ಶಾಸ್ತ್ರವ್ಯಾಸಂಗಿಯ ದಿನಚರಿಯಂತೆಯೇ ಇದೆ: ಎತ್ತರದ ದನಿಯಲ್ಲಿ ಮಾತಾಡುವುದು, ಅತಿಯಾಗಿ ಮಾತಾಡುವುದು, ಪ್ರಜಾಗರ, ಉಪವಾಸ, ದಾರಿ ನಡೆಯುವುದು. ಪರ್ಯುಷಣದ ಹತ್ತು ದಿನ ಉಪವಾಸವಿದ್ದು ಪ್ರವಚನ ಮಾಡುವ ಪಂಡಿತನಿಗೆ ಇವಲ್ಲಿ ಯಾವುದೂ ತಪ್ಪಿದ್ದಲ್ಲ. ಪ್ರತಿಕಾರರ ಮಾತೂ ಇಲ್ಲಿ ನೆನಪಾಗುತ್ತದೆ. ಬೆನ್ನು, ಸೊಂಟ, ಕೊರಳು ಮುರಿದು, ದೃಷ್ಟಿ ಬಿಗಿಹಿಡಿದು, ಮುಖ ಕೆಳಗೆ ಮಾಡಿ ಕಷ್ಟದಿಂದ ಬರೆದ ಗ್ರಂಥವನ್ನು ಯತ್ನದಿಂದ ಕಾಪಾಡಿರೆಂಬ ಆಶಯದ ಶ್ಲೋಕ ಹಸ್ತಪ್ರತಿಗಳ ಅಂತ್ಯದಲ್ಲಿ ಮತ್ತೆ ಮತ್ತೆ ಬರುತ್ತದೆ. ಅದನ್ನು ಕೇವಲ ವಾಡಿಕೆಯ ಮಾತೆಂದು ದಾಟಿಹೋಗುವ ಸಂಪಾದಕರು ಕೊರಳ ಬಿಗಿತದಿಂದ ತಲೆಗೆ ಏರುವ ನೋವನ್ನು ಅನುಭವಿಸಿದವರಲ್ಲವೆಂದು ತೋರುತ್ತದೆ.

ಬೆಳಗಿನ ತಲೆಶೂಲೆಯೆಲ್ಲವನ್ನೂ ಸೂರ್ಯಾವರ್ತವೆಂದು ಕರೆಯುವ ರೂಢಿ ತಪ್ಪು. ಸುಶ್ರುತನು ಹೇಳುವ ಹನ್ನೊಂದು ಶಿರೋರೋಗಗಳಲ್ಲಿ ಸೂರ್ಯಾವರ್ತವು ಉದಯಕ್ಕೆ ಕಣ್ಣುಹುಬ್ಬುಗಳಲ್ಲಿ ಮೆಲ್ಲನೆ ತೊಡಗಿ, ಸೂರ್ಯನೊಡನೆ ಏರಿ, ಅವನು ಇಳಿದಂತೆ ಇಳಿಯುವುದು. ನಿದ್ರೆ ಕೆಟ್ಟವನ ನೋವು ಸಾಮಾನ್ಯವಾಗಿ ಇದಕ್ಕೆ ವಿಪರೀತ. ಏಳುವಾಗಲೇ ಇದ್ದು ಹೊತ್ತೇರಿದಂತೆ ತಗ್ಗುತ್ತದೆ. ಏರುವುದೋ ಇಳಿಯುವುದೋ ಎಂಬುದನ್ನು ರೋಗಿಯೇ ಕೆಲವು ದಿನ ಗಮನಿಸಿದರೆ ಅರ್ಧ ನಿದಾನ ಆದಂತೆಯೇ.

ಚಿಕಿತ್ಸೆಯಲ್ಲಿಯೇ ನಿಜವಾದ ತೊಡಕು. ಕೆಟ್ಟ ನಿದ್ರೆಯನ್ನು ಮರಳಿ ತರಲು ಚರಕನು ಅಭ್ಯಂಗ, ಸ್ನಾನ, ಶಾಲ್ಯನ್ನ, ಮೊಸರು, ಹಾಲು, ಸ್ನೇಹ, ಮನಃಸುಖ, ಒಳ್ಳೆಯ ಹಾಸಿಗೆಗಳೊಡನೆ ಮಾಂಸರಸವನ್ನೂ ಮದ್ಯವನ್ನೂ ಹೇಳುತ್ತಾನೆ. ಸುಶ್ರುತನು ವಾತಜ ಶಿರೋರೋಗದಲ್ಲಿ ಹೆಸರು, ಹುರುಳಿ, ಉದ್ದುಗಳನ್ನು ರಾತ್ರಿ ತಿನ್ನಿಸುತ್ತಾನೆ. ಮಾಂಸ, ಮದ್ಯ, ಮಧುಗಳನ್ನು ಉಗ್ರಾದಿತ್ಯನು ವರ್ಜಿಸಿದನು. ಪೂಜ್ಯಪಾದರ ಗ್ರಂಥವನ್ನು ಹನ್ನೆರಡನೆಯ ಶತಮಾನದಲ್ಲಿ ಕನ್ನಡಿಸಿದ ಜಗದ್ದಳ ಸೋಮನಾಥನೂ ಕರ್ಣಾಟಕ ಕಲ್ಯಾಣಕಾರಕದಲ್ಲಿ ಅದೇ ಹಾದಿ ಹಿಡಿದನು. ಆದರೆ ರಾತ್ರಿಭೋಜನತ್ಯಾಗಿಗೆ ಮಲಗುವ ಮುನ್ನ ಹಾಲು ಕುಡಿಯುವುದೂ ಇಲ್ಲ. ಆದ್ದರಿಂದ ಹಾಲು, ತುಪ್ಪ, ಶಾಲ್ಯನ್ನಗಳು ಸೂರ್ಯಾಸ್ತಕ್ಕೆ ಮೊದಲಿನ ಊಟಕ್ಕೆ ಸರಿಯುತ್ತವೆ. ರಾತ್ರಿಗೆ ಉಳಿಯುವುದು ತಲೆಗೂ ಅಂಗಾಲಿಗೂ ಎಣ್ಣೆ, ಲೇಪ, ಮೈ ಒತ್ತಿಸಿಕೊಳ್ಳುವುದು, ನೆಮ್ಮದಿಯ ಮನಸ್ಸು. ಇದರಿಂದ ನಷ್ಟವಾಗಲಿಲ್ಲ. ಮದ್ಯವು ನಿದ್ರೆಯನ್ನು ಬೇಗ ತಂದರೂ ರಾತ್ರಿಯ ಉತ್ತರಾರ್ಧದಲ್ಲಿ ಕೆಡಿಸುತ್ತದೆಂದೂ ಗೊರಕೆಯನ್ನು ಹೆಚ್ಚಿಸುತ್ತದೆಂದೂ ಈಗ ಗೊತ್ತಾಗಿದೆ. ತಡರಾತ್ರಿಯ ಭಾರಿ ಊಟವೂ ನಿದ್ರೆಗೆ ಹಿತವಲ್ಲ. ಅನಿವಾರ್ಯವಾಗಿ ಜಾಗರವಾದಾಗ, ಎಚ್ಚರವಿದ್ದ ಕಾಲದ ಅರ್ಧದಷ್ಟು ಹೊತ್ತು ಮರುದಿನ ಬೆಳಗ್ಗೆ ಉಣ್ಣುವ ಮೊದಲು ಮಲಗಬೇಕೆಂದು ವಾಗ್ಭಟನು ವಿಧಿಸುತ್ತಾನೆ. ವ್ರತಕ್ಕೆ ಇದರಿಂದ ಭಂಗವಿಲ್ಲ.

ಒಂದು ಸ್ಥಿತಿಯಲ್ಲಿ ಮಾತ್ರ ಗ್ರಂಥಗಳನ್ನು ನಂಬಿ ಕೂರಬಾರದು. ಗಟ್ಟಿಯಾಗಿ ಗೊರಕೆ ಹೊಡೆದು ನಡುವೆ ಉಸಿರು ಕಟ್ಟುವವರು, ಬೆಳಗ್ಗೆ ತಲೆಶೂಲೆಯೊಡನೆ ಎದ್ದು, ಹಗಲೆಲ್ಲ ಶಾಸ್ತ್ರದ ಮುಂದೆಯೇ ತೂಕಡಿಸುತ್ತಾರೆ. ಗಂಟಲ ದಾರಿ ಮುಚ್ಚಿ ಉಸಿರು ಮತ್ತೆ ಮತ್ತೆ ನಿಲ್ಲುವ ಈ ವ್ಯಾಧಿಗೆ ಎಣ್ಣೆಯಾಗಲಿ ಲೇಪವಾಗಲಿ ಉತ್ತರವಲ್ಲ. ರಾತ್ರಿಯ ಉಸಿರಾಟವನ್ನು ಅಳೆಯುವ ಪರೀಕ್ಷೆ ಬೇಕು. ಮಲಗಿದವನಿಗೆ ತನ್ನ ಗೊರಕೆ ಕೇಳಿಸದಾದ್ದರಿಂದ ವೈದ್ಯನಲ್ಲಿಗೆ ಹೋಗುವಾಗ ಮನೆಯವರೊಬ್ಬರು ಜೊತೆಗಿರುವುದು ಅಗತ್ಯ.