ಚೌಕಾಬಾರದಿಂದ ಪಬ್‌ಜಿವರೆಗೆ: ನಮ್ಮ ಕಡೆಯವರು ಕೂಡಿ ಆಡಿದ ಕತೆ

ಆನ್‌ಲೈನ್ ಗೇಮ್ ಅಂದ ಕೂಡಲೇ ನಮ್ಮ ಕಡೆ ಹಿರಿಯರು ಮೂಗು ಮುರೀತಾರೆ. "ಮೊಬೈಲ್ ಬಂತು, ಹುಡುಗ್ರು ಕೆಟ್ಟೋದ್ವು" ಅನ್ನೋದು ಚಳ್ಳಕೆರೆ ಬಸ್ ಸ್ಟ್ಯಾಂಡಿನಿಂದ ಮೊಳಕಾಲ್ಮುರಿನ ಮಗ್ಗದ ಮನೆಗಳವರೆಗೂ ಕೇಳೋ ಮಾತು. ಹುಡುಗರದ್ದು ಬೇರೆಯೇ ಚಿಂತೆ. ಯಾವ ಫೋನ್ ತಗೊಂಡ್ರೆ ಗೇಮ್ ಚೆನ್ನಾಗಿ ಓಡುತ್ತೆ, ಯಾವ ನೆಟ್ ಹಾಕಿಸಿದ್ರೆ ನಡುವೆ ಕೈ ಕೊಡಲ್ಲ, ಇಷ್ಟೇ. ಇಬ್ಬರೂ ಮುಖ್ಯವಾದದ್ದನ್ನೇ ಬಿಟ್ಟು ಮಾತಾಡ್ತಿದಾರೆ ಅಂತ ನನಗನ್ನಿಸುತ್ತೆ. ನಾಲ್ಕು ಜನ ಕೂಡಿ ಆಡೋ ಆಟದ ಮಜಾ ಇರೋದು ಯಾರ ಜೊತೆ ಆಡ್ತೀವಿ, ಏನು ಕರಾರು ಮಾಡ್ಕೊಂಡು ಆಡ್ತೀವಿ ಅನ್ನೋದರಲ್ಲಿ. ಇದು ಇಂಟರ್ನೆಟ್ಟಿಗಿಂತ ಬಹಳ ಹಳೇ ಸಂಗತಿ. ಅದರ ಚರಿತ್ರೆಯನ್ನ ಸ್ವಲ್ಪ ಕೆದಕೋಣ ಬನ್ನಿ.

ಮೊದಲು ಚೌಕಾಬಾರ. ನಮ್ಮ ಜಗಲಿ, ಗುಡಿಕಟ್ಟೆಗಳ ಆಟ. ಸೀಮೆಸುಣ್ಣ ಇದ್ದರೆ ಸೀಮೆಸುಣ್ಣ, ಇಲ್ಲದಿದ್ದರೆ ಇದ್ದಿಲು, ಐದೈದು ಇಪ್ಪತ್ತೈದು ಮನೆ ಗೀಚಿದರೆ ಆಯ್ತು. ನಾಲ್ಕು ಕವಡೆ. ಕವಡೆ ಸಿಗದಿದ್ದರೆ ಹುಣಸೆಬೀಜವನ್ನ ಒಂದು ಬದಿ ಕಲ್ಲಿಗೆ ತೇಯ್ದು ಬೆಳ್ಳಗೆ ಮಾಡ್ಕೊಳ್ಳೋದು. ಎಲ್ಲ ಅಂಗಾತ ಬಿದ್ದರೆ ನಾಲ್ಕು, ಅಂದರೆ ಚೌಕ. ಎಲ್ಲ ಬೋರಲು ಬಿದ್ದರೆ ಎಂಟು, ಅಂದರೆ ಬಾರ. ಇವೆರಡರಲ್ಲಿ ಯಾವುದು ಬಿದ್ದರೂ ಇನ್ನೊಂದು ಸಲ ಹಾಕಬಹುದು. ಮೊಳಕಾಲ್ಮುರು ಕಡೆ ತೆಲುಗು ಮಾತಾಡೋ ಮನೆಗಳು ಬಹಳ. ಇದೇ ಆಟಕ್ಕೆ ತೆಲುಗಿನಲ್ಲಿ ಅಷ್ಟಾಚೆಮ್ಮ ಅಂತಾರೆ. ಅದೂ ಎಂಟು-ನಾಲ್ಕರ ಲೆಕ್ಕವೇ. ನಮ್ಮ ಹುಲಿ-ಕುರಿ ಆಟ ಅಲ್ಲಿ ಪುಲಿ-ಮೇಕ. ಹೆಸರು ಬೇರೆಯಾದರೂ ಜಗಳ ಒಂದೇ. :-)

ಚೌಕಾಬಾರದಲ್ಲಿ ನನಗೆ ಬಹಳ ಇಷ್ಟವಾದ ನಿಯಮ ಒಂದಿದೆ. ಬೇರೆಯವರ ಒಂದು ಕಾಯನ್ನಾದರೂ ಕಡಿಯದೆ ನಿಮ್ಮ ಕಾಯಿ ಒಳಸುತ್ತಿಗೆ ಹೋಗೋ ಹಾಗಿಲ್ಲ. ಕಡಿಯೋವರೆಗೂ ಹೊರಗೇ ಸುತ್ತುತ್ತಾ ಇರಬೇಕು. ಅಂದರೆ ತನ್ನ ಪಾಡಿಗೆ ತಾನು ಯಾರ ತಂಟೆಗೂ ಹೋಗದೆ ಹಣ್ಣಾಗ್ತೀನಿ ಅನ್ನೋರಿಗೆ ಈ ಆಟದಲ್ಲಿ ಜಾಗ ಇಲ್ಲ. ಎದುರಿನವರ ಜೊತೆ ವ್ಯವಹಾರ ಇಟ್ಟುಕೊಳ್ಳಲೇಬೇಕು. ಕಾಯಿ ಕಡಿದಾಗ ಏಳೋ ಗದ್ದಲ, "ನನ್ನ ಕಾಯೇ ಬೇಕಿತ್ತೇನಲೇ ನಿಂಗೆ" ಅನ್ನೋ ಬೈಗುಳ, ಅಜ್ಜಿಯ ಕಾಯಿ ಕಡಿಯೋಕೆ ಹೆದರೋ ಮೊಮ್ಮಗ... ಆಟ ಅಂದ್ರೆ ಇದೇ ತಾನೆ? ಇಂಗ್ಲೆಂಡಿನಲ್ಲಿ 1896ರಲ್ಲಿ ಲೂಡೊಗೆ ಪೇಟೆಂಟ್ ತಗೊಂಡಾಗ, ನಮ್ಮ ದೇಶದ ಪಚ್ಚೀಸಿಯನ್ನ ಸರಳ ಮಾಡಿ, ಕವಡೆ ಬದಲು ದಾಳ ಇಟ್ಟರು. ಅಲ್ಲಿ ಕಡಿಯದೇನೂ ಹಣ್ಣಾಗಬಹುದು. ನನ್ನ ಪ್ರಕಾರ ಲೂಡೊ ಒಂದು ಕೈ ಕಮ್ಮಿಯೇ.

ಜಗಲಿಯ ಇನ್ನೊಂದು ಕಟ್ಟಳೆ "ಆಟಕ್ಕುಂಟು ಲೆಕ್ಕಕ್ಕಿಲ್ಲ". ಐದು ವರ್ಷದ ಕೂಸು ಅಳುತ್ತೆ ಅಂತ ಅದಕ್ಕೂ ಕವಡೆ ಕೊಡೋದು, ಅದರ ಗೆಲುವು-ಸೋಲು ಯಾರೂ ಎಣಿಸದಿರೋದು. ಇವತ್ತಿನ ಗೇಮ್‌ಗಳು ಸರಿಸಮ ಇದ್ದವರನ್ನ ಹುಡುಕಿ ಜೋಡಿ ಮಾಡ್ತವೆ. ಅದರ ಬೇರು ಚೆಸ್‌ನಲ್ಲಿದೆ. ಆರ್ಪಾಡ್ ಇಲೊ ಅನ್ನೋ ಪ್ರೊಫೆಸರ್ ಮಾಡಿದ ಅಂಕದ ಪದ್ಧತಿಯನ್ನ ಅಂತರರಾಷ್ಟ್ರೀಯ ಚೆಸ್ ಸಂಸ್ಥೆ 1970ರಲ್ಲಿ ಒಪ್ಕೊಂಡಿತು. ಒಳ್ಳೇದೇ, ಸಮಬಲದವರ ಜೊತೆ ಆಡಿದರೆ ಕೈ ಪಳಗುತ್ತೆ. ಆದರೆ ಅಜ್ಜಿ, ಕೂಸು, ಕಾಲೇಜು ಹುಡುಗ ಮೂವರನ್ನೂ ಒಂದೇ ಮನೆ ಸುತ್ತ ಕೂರಿಸೋ ಜಾಣತನ ಯಾವ ಅಂಕದ ಪದ್ಧತಿಗೂ ಇಲ್ಲ.

ನಮ್ಮ ರಾಜರೊಬ್ಬರಿಗೂ ಈ ಹುಚ್ಚಿತ್ತು. ಮುಮ್ಮಡಿ ಕೃಷ್ಣರಾಜ ಒಡೆಯರು (1794-1868) ತಾವೇ ಹೊಸ ಹೊಸ ಮಣೆಯಾಟ ಕಟ್ಟಿದವರು. ಶ್ರೀತತ್ತ್ವನಿಧಿಯ ಒಂಬತ್ತು ನಿಧಿಗಳಲ್ಲಿ ಒಂದಾದ ಕೌತುಕನಿಧಿ ಆಟಗಳಿಗೇ ಮೀಸಲು.

ಸರಿ, ಇವೆಲ್ಲ ಎದುರುಬದುರು ಕೂತು ಆಡೋ ಆಟಗಳಾದವು. ದೂರ ಇದ್ದವರ ಜೊತೆ ಆಡೋದು ಯಾವಾಗ ಶುರುವಾಯ್ತು? ಕಂಪ್ಯೂಟರಿಗಿಂತ ಮುಂಚೆ. ಮದರಾಸಿನವರೂ ಹೈದರಾಬಾದಿನವರೂ 1828ರಲ್ಲಿ ಟಪಾಲಿನ ಮೂಲಕ ಚೆಸ್ ಆಡಿದ್ದರು. ಮದರಾಸಿನ ಗುಲಾಂ ಕಾಸಿಂ ಮತ್ತು ಜೇಮ್ಸ್ ಕಾಕ್ರೇನ್ 1829ರಲ್ಲಿ ಹೊರತಂದ ಪುಸ್ತಕದಲ್ಲಿ ಆ ಆಟಗಳ ನಡೆಗಳು ಸಿಗ್ತವೆ. ಒಂದು ನಡೆ ಬರೆದು ಕಳಿಸಿ, ಉತ್ತರಕ್ಕೆ ದಿನಗಟ್ಟಲೆ ಕಾಯೋದು! ನೆಟ್ ಎರಡು ಸೆಕೆಂಡ್ ನಿಂತರೆ ಫೋನ್ ಎಸೆಯೋ ನಮ್ಮ ಹುಡುಗರಿಗೆ ಇದನ್ನ ಹೇಳಬೇಕು. ಮೋರ್ಸ್‌ನ ತಂತಿ ಬಂದ 1844ರಲ್ಲೇ ವಾಷಿಂಗ್ಟನ್-ಬಾಲ್ಟಿಮೋರ್ ನಡುವೆ ಟೆಲಿಗ್ರಾಫಿನಲ್ಲಿ ಚೆಸ್ ಆಡಿದರು.

ದೂರದಿಂದ ಮಾತು ಬರೋದು ಅಂದಾಗ ನಮ್ಮ ಬ್ರಹ್ಮಗಿರಿ ನೆನಪಾಗದೆ ಇರಲ್ಲ. ಮೊಳಕಾಲ್ಮುರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರ ಮೂರೂ ಕಡೆ ಅಶೋಕನ ಶಾಸನ ಇದ್ದು, 1892ರಲ್ಲಿ ಬಿ.ಎಲ್. ರೈಸ್ ಅವನ್ನ ಗುರುತಿಸಿದರು. ಬ್ರಹ್ಮಗಿರಿಯ ಶಾಸನ ಸುವರ್ಣಗಿರಿಯಿಂದ ಇಸಿಲದ ಅಧಿಕಾರಿಗಳಿಗೆ ಬಂದ ಸಂದೇಶ. ಮೊದಲು ಆರೋಗ್ಯ ವಿಚಾರಿಸುತ್ತೆ, ಆಮೇಲೆ ವಿಷಯಕ್ಕೆ ಬರುತ್ತೆ. ಕೊನೆಗೆ ಬರೆದವನು ತನ್ನ ಹೆಸರು ಚಪಡ ಅಂತ ಹಾಕಿ, 'ಲಿಪಿಕಾರ' ಅನ್ನೋ ಮಾತನ್ನ ಮಾತ್ರ ವಾಯವ್ಯದ ಖರೋಷ್ಠಿ ಲಿಪಿಯಲ್ಲಿ ಕೆತ್ತಿದಾನೆ. ಇಲ್ಲಿಯವರಿಗೆ ಅರ್ಥವಾಗದ ಲಿಪಿ! ಗೇಮ್‌ನಲ್ಲಿ ನಮ್ಮ ಹುಡುಗರು ಚಿತ್ರವಿಚಿತ್ರ ಅಕ್ಷರದಲ್ಲಿ ಹೆಸರು ಹಾಕ್ಕೊಳ್ಳೋದನ್ನ ನೋಡಿದಾಗೆಲ್ಲ ನನಗೆ ಈ ಚಪಡ ನೆನಪಾಗ್ತಾನೆ. ವಿಷಯಾಂತರ ಆಯ್ತು, ಕ್ಷಮಿಸಿ. ಆದರೆ ಆಟಕ್ಕೆ ಇಳಿಯೋ ಮುಂಚೆ "ಊಟ ಆಯ್ತಾ, ಹೆಂಗಿದೀರ" ಅಂತ ಕೇಳೋ ತಂಡಕ್ಕೂ, ಸುಮ್ಮನೆ ಗುಂಡು ಹಾರಿಸೋಕೆ ಶುರು ಮಾಡೋ ತಂಡಕ್ಕೂ ವ್ಯತ್ಯಾಸ ಇದ್ದೇ ಇದೆ.

ಕಂಪ್ಯೂಟರಿನಲ್ಲಿ ಹಲವರು ಒಟ್ಟಿಗೆ ಆಡೋದಕ್ಕೆ ದೊಡ್ಡ ದಾರಿ ತೆರೆದದ್ದು 1978ರಲ್ಲಿ, ಇಂಗ್ಲೆಂಡಿನ ಎಸೆಕ್ಸ್ ವಿಶ್ವವಿದ್ಯಾಲಯದಲ್ಲಿ. ರಾಯ್ ಟ್ರಬ್‌ಶಾ ಶುರು ಮಾಡಿ ರಿಚರ್ಡ್ ಬಾರ್ಟಲ್ ಮುಂದುವರಿಸಿದ 'ಮಡ್' ಅನ್ನೋ ಆಟ. ಚಿತ್ರವೇ ಇಲ್ಲ, ಎಲ್ಲ ಅಕ್ಷರದಲ್ಲಿ. ಈ ಬಾರ್ಟಲ್ 1996ರಲ್ಲಿ ಒಂದು ಪ್ರಬಂಧ ಬರೆದರು. ಆಡೋರಲ್ಲಿ ನಾಲ್ಕು ಬಗೆ ಅಂತ ಅದರ ವಾದ. ಗುರಿ ಮುಟ್ಟಿ ಅಂಕ ಗಳಿಸೋರು, ಮೂಲೆಮೂಲೆ ತಡಕಾಡೋರು, ಹರಟೆಗೇ ಬರೋರು, ಇನ್ನೊಬ್ಬರನ್ನ ಹೊಡೆದು ಖುಷಿಪಡೋರು. ಹೊಡೆಯೋರು ಜಾಸ್ತಿಯಾದರೆ ಹರಟೆಯವರು ಜಾಗ ಖಾಲಿ ಮಾಡ್ತಾರೆ, ಆಮೇಲೆ ಆಟವೇ ಬಣಬಣ. ಓದಿದಾಗ ನಗು ಬಂತು, ನಮ್ಮ ಜಗಲಿಯ ನಾಲ್ಕು ಮೂಲೆಯಲ್ಲಿ ಕೂರ್ತಿದ್ದವರೂ ಇವರೇ! ಲೆಕ್ಕ ಇಟ್ಟು ಆಡೋ ದೊಡ್ಡಪ್ಪ, ಹೊಸ ಹೊಸ ದಾರಿ ಹುಡುಕೋ ಅಣ್ಣ, ಕವಡೆ ಕೈಯಲ್ಲೇ ಹಿಡಿದು ಊರ ಸುದ್ದಿ ಹೇಳೋ ಅತ್ತೆ, ಕಡಿಯೋದಕ್ಕೇ ಹುಟ್ಟಿದ ಚಿಕ್ಕಮ್ಮ. ನಾವು ಯಾವ ಬಗೆ, ಜೊತೆಯವರು ಯಾವ ಬಗೆ ಅಂತ ತಿಳ್ಕೊಂಡ್ರೆ ಅರ್ಧ ಜಗಳ ಕಮ್ಮಿ. ಹರಟೆಗೆ ಬಂದವನಿಗೆ "ಸರಿಯಾಗಿ ಆಡಲೇ" ಅಂತ ಬೈದರೆ ಇಬ್ಬರಿಗೂ ಸುಖ ಇಲ್ಲ.

ನಮ್ಮ ದೇಶದಲ್ಲಿ ಜನಸಾಮಾನ್ಯರಿಗೆ ಇಂಟರ್ನೆಟ್ ಸಿಕ್ಕಿದ್ದು 1995ರ ಆಗಸ್ಟ್ 15ರಂದು, ವಿಎಸ್‌ಎನ್‌ಎಲ್‌ನಿಂದ. ನಮ್ಮ ಕಡೆ ಅದರ ರುಚಿ ಹತ್ತಿದ್ದು ಎಷ್ಟೋ ವರ್ಷದ ಮೇಲೆ, ಸೈಬರ್ ಕೆಫೆಗಳಲ್ಲಿ. ಅಲ್ಲಿ ನಾವು ಆಡ್ತಿದ್ದದ್ದು ಆನ್‌ಲೈನ್ ಅಲ್ಲ, ಕೆಫೆಯ ಕಂಪ್ಯೂಟರ್‌ಗಳನ್ನೇ ಒಂದಕ್ಕೊಂದು ಜೋಡಿಸಿ ಏಜ್ ಆಫ್ ಎಂಪೈರ್ಸ್, ಕೌಂಟರ್ ಸ್ಟ್ರೈಕ್. ಪಕ್ಕದ ಕ್ಯಾಬಿನ್ನಿನಲ್ಲಿ ಕೂತವನೇ ಶತ್ರು, ಬೈದರೆ ಕೇಳುತ್ತೆ! ಲೋಡ್ ಶೆಡ್ಡಿಂಗ್ ಆದರೆ ಸಾಮ್ರಾಜ್ಯವೂ ಹೋಯ್ತು, ದುಡ್ಡೂ ಹೋಯ್ತು. 2005ರಲ್ಲಿ ಬಿಎಸ್‌ಎನ್‌ಎಲ್ ಬ್ರಾಡ್‌ಬ್ಯಾಂಡ್ ಬಂತು. ಅದರ ಒಂದು ಪ್ಲಾನಿನಲ್ಲಿ ರಾತ್ರಿ 2ರಿಂದ ಬೆಳಗ್ಗೆ 8ರವರೆಗೆ ಎಷ್ಟು ಬೇಕಾದರೂ ಬಳಸಬಹುದಿತ್ತು. ಅಲಾರಾಂ ಇಟ್ಟು ಎದ್ದು ಯಾಹೂನಲ್ಲಿ ಚೆಸ್ ಆಡಿದವರು ನನ್ನ ಹಾಗೆ ಎಷ್ಟು ಜನ ಇದೀರಿ? ಆ ಯಾಹೂ ಗೇಮ್ಸ್ 2016ರಲ್ಲಿ ಪೂರ್ತಿ ಬಾಗಿಲು ಹಾಕಿತು.

2009ರಲ್ಲಿ ಫೇಸ್‌ಬುಕ್ಕಿನಲ್ಲಿ ಫಾರ್ಮ್‌ವಿಲ್ ಬಂದಾಗಿನ ತಮಾಷೆ ಹೇಳಲೇಬೇಕು. ಚಳ್ಳಕೆರೆ ಅಂದರೆ ರಾಜ್ಯದಲ್ಲೇ ಅತಿ ಕಡಿಮೆ ಮಳೆ ಬೀಳೋ ತಾಲ್ಲೂಕುಗಳಲ್ಲಿ ಒಂದು. ಶೇಂಗಾ ಬಿತ್ತಿ ಆಕಾಶ ನೋಡೋ ಜನ ನಾವು. ಬೆಂಗಳೂರಿಗೆ ಹೋದ ನಮ್ಮೂರ ಹುಡುಗರು ಅಲ್ಲಿ ಕೂತು ಸ್ಕ್ರೀನ್ ಮೇಲೆ ಬೆಳೆ ಬೆಳೆದು, "ಪಕ್ಕದ ಹೊಲದವನಿಗೆ ಗೊಬ್ಬರ ಹಾಕ್ದೆ" ಅಂತ ಖುಷಿಪಡ್ತಿದ್ರು. ಅಲ್ಲಿ ಮಳೆ ಕೈ ಕೊಡಲ್ಲ ನೋಡಿ!

2016ರ ಸೆಪ್ಟೆಂಬರಿನಲ್ಲಿ ಜಿಯೊ ಬಂದ ಮೇಲೆ ಡೇಟಾ ಅಗ್ಗವಾಯ್ತು. 2018ರ ಮಾರ್ಚಿನಲ್ಲಿ ಪಬ್‌ಜಿ ಮೊಬೈಲ್ ಬಂತು. ನೂರು ಜನ ಒಂದು ದ್ವೀಪಕ್ಕೆ ಇಳಿದು, ಕೊನೆಗೆ ಉಳಿದ ತಂಡ ಗೆದ್ದ ಹಾಗೆ. ತಂಡಕ್ಕೆ ನಾಲ್ಕು ಜನ. ನಮ್ಮ ನಾಲ್ವರಲ್ಲಿ ಒಬ್ಬ ಬೆಂಗಳೂರಿನ ಪೀಣ್ಯದಲ್ಲಿ, ಒಬ್ಬ ತೋರಣಗಲ್ಲಿನಲ್ಲಿ, ಒಬ್ಬ ರಾಂಪುರದ ಹತ್ತಿರದ ಹಳ್ಳಿಯಲ್ಲಿ, ನಾನು ಚಳ್ಳಕೆರೆಯಲ್ಲಿ. ರಾತ್ರಿ ಒಂಬತ್ತೂವರೆಗೆ ಸೇರೋದು, ಹನ್ನೊಂದಕ್ಕೆ ಮುಗಿಸೋದು ಅಂತ ಕರಾರು. ಮೈಕ್ ಸದಾ ತೆರೆದೇ ಇರಬೇಕು ಅನ್ನೋದು ಇನ್ನೊಂದು. ಹಾಗಾಗಿ ಗುಂಡಿನ ಸದ್ದಿನ ನಡುವೆ ಹಳ್ಳಿಯವನ ಅಮ್ಮ "ಎಮ್ಮೆಗೆ ಹುಲ್ಲು ಹಾಕ್ದೇನೋ" ಅಂತ ಕೂಗೋದು ನಾಲ್ಕೂ ಊರಿಗೆ ಕೇಳ್ತಿತ್ತು. ಅವನು ಹುಲ್ಲು ಹಾಕಿ ಬರೋವರೆಗೂ ಉಳಿದ ಮೂವರು ಪೊದೆಯಲ್ಲಿ ಕಾವಲು. ಬಿದ್ದ ಜೊತೆಗಾರನನ್ನ ಎಬ್ಬಿಸೋಕೆ ನಾವೂ ಗುಂಡಿಗೆ ಎದೆಯೊಡ್ಡಿ ಹೋಗಬೇಕಲ್ಲ, ಆ ನಿಯಮವೇ ಆಟದ ಜೀವ. ಗೊತ್ತಿಲ್ಲದವರ ಜೊತೆ ಆಡಿದಾಗ ನನ್ನನ್ನ ಎಬ್ಬಿಸೋಕೆ ಬಂದವರು ಬಹಳ ಕಮ್ಮಿ. 2020ರ ಸೆಪ್ಟೆಂಬರ್ 2ರಂದು ಸರ್ಕಾರ ನಿಷೇಧಿಸಿದ 118 ಆ್ಯಪ್‌ಗಳಲ್ಲಿ ಪಬ್‌ಜಿಯೂ ಒಂದು. 2021ರ ಜುಲೈ 2ರಂದು ಅದೇ ಆಟ ಬಿಜಿಎಂಐ ಅನ್ನೋ ಹೆಸರಲ್ಲಿ ವಾಪಸ್ ಬಂದಾಗ, ನಮ್ಮ ನಾಲ್ವರಲ್ಲಿ ಇಬ್ಬರಿಗೆ ಮದುವೆಯಾಗಿತ್ತು.

ಆ ನಡುವೆ ಲಾಕ್‌ಡೌನ್. 2020ರ ಮಾರ್ಚ್ 25ರಿಂದ ಮೊಳಕಾಲ್ಮುರಿನ ನಮ್ಮ ಚಿಕ್ಕಮ್ಮನ ಮನೆಯ ಮಗ್ಗ ನಿಂತಿತ್ತು. ನೇಯ್ದ ರೇಷ್ಮೆ ಸೀರೆ ಮಾರೋಕೆ ದಾರಿ ಇಲ್ಲ, ಮಗ ಬೆಂಗಳೂರಿನಲ್ಲಿ, ಮಗಳು ಮಸ್ಕತ್ತಿನಲ್ಲಿ. ನವಿ ಮುಂಬೈಯ ಕಂಪನಿಯೊಂದು 2016ರಲ್ಲೇ ಬಿಟ್ಟಿದ್ದ ಲೂಡೊ ಕಿಂಗ್ ಆಗ ಮನೆಮನೆಗೆ ಬಂತಲ್ಲ, ಇವರ ಮನೆಗೂ ಬಂತು. ಮೂರು ದಿನ ಆಡಿದ ಮೇಲೆ ಚಿಕ್ಕಮ್ಮ ತಗಾದೆ ತೆಗೆದರು. "ಇದೇನೇ ಇದು, ಒಂದು ಕಾಯೂ ಕಡೀದೆ ಹಣ್ಣಾಗ್ತೀರಲ್ಲ, ನಾಚಿಕೆ ಆಗಲ್ವಾ?" ಅವತ್ತಿನಿಂದ ಮನೆಯ ಕಾನೂನು: ಕಡಿಯದೆ ಗೆದ್ದರೆ ಅದು ಗೆಲುವಲ್ಲ. ಆ್ಯಪ್ ಕಿರೀಟ ಕೊಟ್ಟರೂ ಇವರು ಕೊಡಲ್ಲ. ಇನ್ನೊಂದು ಫೋನಿನಲ್ಲಿ ಸ್ಪೀಕರ್ ಹಾಕಿ ಮಾತು. ಸಾಲದ ಕಂತಿನ ಚಿಂತೆ, ಮಸ್ಕತ್ತಿನ ವಿಮಾನದ ಸುದ್ದಿ ಎಲ್ಲ ಆ ಮಾತಿನಲ್ಲೇ. ಆನ್‌ಲೈನ್ ಆಟದಿಂದ ಪೂರ್ತಿ ಸುಖ ತೆಗೆದವರನ್ನ ನಾನು ನೋಡಿದ್ದು ಅಲ್ಲೇ.

ಅದೇ ದಿನಗಳಲ್ಲಿ ನಮ್ಮ ಬೀದಿಯ ಇನ್ನೊಂದು ಮನೆಯಲ್ಲಿ ಬೇರೆಯೇ ಕತೆ. ಹುಡುಗನೊಬ್ಬ ಬಿತ್ತನೆ ಶೇಂಗಾಕ್ಕೆ ಅಂತ ಅಪ್ಪ ಇಟ್ಟಿದ್ದ ದುಡ್ಡನ್ನ ಫೋನಿನ ಇಸ್ಪೀಟ್ ಆ್ಯಪ್ ಒಂದರಲ್ಲಿ ಕಳೆದ. ನಾನು ಅವನನ್ನ ಕೇಳಿದೆ, ಎದುರಿಗೆ ಆಡ್ತಿದ್ದೋರು ಯಾರಪ್ಪಾ? "ಗೊತ್ತಿಲ್ಲಣ್ಣ, ಒಂದು ಹೆಸರು ಬರ್ತಿತ್ತು ಅಷ್ಟೇ" ಅಂದ. ಗುಡಿ ಹಿಂದೆ ಅಂದರ್-ಬಾಹರ್ ಆಡಿ 1963ರ ಪೊಲೀಸ್ ಕಾಯ್ದೆ ಪ್ರಕಾರ ಸಿಕ್ಕಿಬೀಳೋರಿಗಾದರೂ ಯಾರಿಗೆ ಸೋತೆ ಅಂತ ಗೊತ್ತಿರುತ್ತೆ. ಮಾರನೇ ದಿನ ಅವನ ಹತ್ತಿರವೇ ಕೈಸಾಲ ಕೇಳಬಹುದು!

ಕಾನೂನಿಗೂ ಇದು ಬಿಡಿಸಲಾಗದ ಗಂಟಾಗಿತ್ತು. ರಮ್ಮಿಯಲ್ಲಿ ಅದೃಷ್ಟಕ್ಕಿಂತ ಜಾಣ್ಮೆ ಹೆಚ್ಚು ಅಂತ ಸುಪ್ರೀಂ ಕೋರ್ಟ್ 1967ರಲ್ಲೇ ಹೇಳಿತ್ತು. ಆ ತೀರ್ಪು ಬಂದ ಕಾಲದಲ್ಲಿ ಇಸ್ಪೀಟ್ ಎಲೆ ಕೈಯಲ್ಲಿ ಇರ್ತಿತ್ತು, ಆಡೋರು ಕಣ್ಣೆದುರು ಇರ್ತಿದ್ದರು. ಕರ್ನಾಟಕ 2021ರಲ್ಲಿ ದುಡ್ಡಿಟ್ಟು ಆಡೋ ಆನ್‌ಲೈನ್ ಆಟ ನಿಷೇಧಿಸಿತು, 2022ರ ಫೆಬ್ರವರಿ 14ರಂದು ಹೈಕೋರ್ಟ್ ಆ ತಿದ್ದುಪಡಿಯ ಮುಖ್ಯ ಭಾಗಗಳನ್ನ ರದ್ದು ಮಾಡಿತು. ಕೊನೆಗೆ 2025ರ ಆಗಸ್ಟಿನಲ್ಲಿ ಸಂಸತ್ತು ಕಾಯ್ದೆ ಮಾಡಿ, ಜಾಣ್ಮೆಯೋ ಅದೃಷ್ಟವೋ ಅನ್ನೋ ಗೊಡವೆಗೇ ಹೋಗದೆ ದುಡ್ಡಿನ ಆನ್‌ಲೈನ್ ಆಟಗಳನ್ನ ನಿಷೇಧಿಸಿತು. ಇ-ಸ್ಪೋರ್ಟ್ಸ್ ಮತ್ತು ದುಡ್ಡಿಲ್ಲದೆ ಕೂಡಿ ಆಡೋ ಆಟಗಳನ್ನ ಬೇರೆ ಇಟ್ಟಿತು. ನನಗೆ ಈ ಗೆರೆ ಸರಿ ಅನ್ನಿಸಿತು, ಸುಮಾರಾಗಿ ಚಿಕ್ಕಮ್ಮ ಎಳೆದ ಗೆರೆಯೇ ಅದು. ಅವರ ಮನೆಯಲ್ಲಿ ಸೋತವರು ಎಲ್ಲರಿಗೂ ಟೀ ಕಾಸಬೇಕು. ಮಸ್ಕತ್ತಿನವಳ ಟೀ ಬಾಕಿ ನಲವತ್ತು ದಾಟಿದೆಯಂತೆ.

ಅಂದಹಾಗೆ, ಚೌಕಾಬಾರದಲ್ಲಿ ಕಾಯಿ ಕಡಿದವರಿಗೆ ಇನ್ನೊಂದು ಸಲ ಕವಡೆ ಹಾಕೋ ಹಕ್ಕು ನಿಮ್ಮೂರಲ್ಲೂ ಇದೆಯಾ? ನಮ್ಮಲ್ಲಿ ಇದೆ. ರಾಂಪುರದ ಗೆಳೆಯ ಮಾತ್ರ ಇಲ್ಲ ಅಂತ ಇವತ್ತಿಗೂ ಜಗಳಕ್ಕೆ ಬರ್ತಾನೆ.