ಹೋಟೆಲ್ ಅಂದ್ರೆ ಊಟನಾ, ರೂಮಾ? (ಪದಗಳ ಹಿಂದಿನ ಕಥೆ, ಭಾಗ 4)

ಕಳೆದ ವರ್ಷ ದಿಲ್ಲೀಲಿ ಇಳಿದಾಗ ಎಲ್ಲರಿಗೂ ಹಸಿವು. ಅಪ್ಪ ಆಟೋದವನಿಗೆ "ಗುಡ್ ಹೋಟೆಲ್" ಅಂದ್ರು. ಅವನು ನಮ್ಮ ಬ್ಯಾಗ್ ನೋಡಿ, ರೂಮು ಕೊಡೋ ಕಟ್ಟಡದ ಮುಂದೆ ನಿಲ್ಲಿಸಿದ. ನಾನು ಜೋರಾಗಿ ನಕ್ಕೆ. ಆ ಟ್ರಿಪ್ ಮುಗಿಯೋವರೆಗೂ ಅಪ್ಪ ಮತ್ತೆ ಇಂಗ್ಲಿಷ್ ಮಾತಾಡಲಿಲ್ಲ.

ನೀವೇ ಹೇಳಿ, ಅಪ್ಪಂದು ತಪ್ಪಾ?

'ಹೋಟೆಲ್' ಫ್ರೆಂಚ್‌ನಿಂದ ಇಂಗ್ಲಿಷಿಗೆ ಬಂದ ಪದ. ಅದರ ಬೇರು ಲ್ಯಾಟಿನ್ನಿನ 'ಹಾಸ್ಪೆಸ್'. ಅತಿಥಿಗೂ ಅದೇ ಪದ, ಆತಿಥೇಯನಿಗೂ ಅದೇ. ಹಾಸ್ಟೆಲ್, ಹಾಸ್ಪಿಟಲ್ ಕೂಡ ಇದರ ಬಂಧುಗಳೇ.

'ರೆಸ್ಟೋರೆಂಟ್' ಕಥೆ ಇನ್ನೂ ಮಜಾ. ಫ್ರೆಂಚ್‌ನಲ್ಲಿ ಅದು ಮೊದಲು ಸುಸ್ತಾದವರಿಗೆ ಶಕ್ತಿ ಕೊಡೋ ಸಾರಿನ ಹೆಸರು. 18ನೇ ಶತಮಾನದ ಪ್ಯಾರಿಸ್‌ನಲ್ಲಿ ಆ ಸಾರು ಮಾರೋ ಜಾಗಕ್ಕೂ ಅದೇ ಹೆಸರು ಅಂಟಿಕೊಂಡಿತು.

ನಮ್ಮಲ್ಲೂ ಪದ ಹಾಗೇ ಜಾಗ ಬದಲಿಸಿತು. ಉಡುಪಿ ಹೋಟೆಲ್, ಮಿಲಿಟರಿ ಹೋಟೆಲ್, ಎರಡೂ ತಿನ್ನೋಕೆ. ಮಲಗೋಕೆ ಲಾಡ್ಜ್.

ಹೊರಗೆ ಹೋದಾಗ ಇಷ್ಟು ನೆನಪಿಡಿ:
• ಊಟಕ್ಕೆ "ರೆಸ್ಟೋರೆಂಟ್" ಕೇಳಿ.
• ಪಾರ್ಸೆಲ್‌ಗೆ ಬ್ರಿಟನ್‌ನಲ್ಲಿ "ಟೇಕ್‌ಅವೇ", ಅಮೆರಿಕದಲ್ಲಿ "ಟು ಗೋ".
• ಅಮೆರಿಕದಲ್ಲಿ ಬಿಲ್ ಬೇಕಂದ್ರೆ "ಚೆಕ್ ಪ್ಲೀಸ್". ಬಿಕಾಂನವರು ಗಾಬರಿ ಆಗ್ಬೇಡಿ, ಅದು ಬ್ಯಾಂಕಿನ ಚೆಕ್ ಅಲ್ಲ.

ಬ್ರಿಟನ್, ಅಮೆರಿಕದವರಿಗೇ ಒಂದೇ ಪದ ಇಲ್ಲ. ಅವರು ನಾಚಿಕೊಳ್ಳಲ್ಲ. ನಾವ್ಯಾಕೆ?

ಇದನ್ನ ಪೋಸ್ಟ್ ಮಾಡೋ ಮೊದಲು ಅಪ್ಪಂಗೆ ಓದಿ ಹೇಳಿ, ಅವತ್ತು ನಕ್ಕಿದ್ದಕ್ಕೆ ಸಾರಿ ಕೇಳಿದೆ. "ಸರಿ, ನಡಿ, ಹೋಟೆಲ್‌ಗೆ ಹೋಗೋಣ" ಅಂದ್ರು. ಹೋಗಿ ದೋಸೆ ತಿಂದ್ವಿ.

ನಿಮ್ಮನೇಲಿ ಯಾರ ಇಂಗ್ಲಿಷಿಗೆ ನೀವು ನಕ್ಕಿದ್ರಿ? ಕಮೆಂಟ್ ಮಾಡಿ.